ಗಾಳಿ ಬರೋ ಕಡೆ ಕೂರೋ ಅಣ್ಣ

ದೆವ್ವ-ಗಿವ್ವದ ಮೇಲೆ ನನಗೆ ನಂಬಿಕೆ ಇಲ್ಲ. ಆದರೆ ಅವಕ್ಕೆ ನನ್ನ ಮೇಲೆ ಅದೇನು ನಂಬಿಕೆಯೋ ಕಾಣೆ, ವರ್ಷಕ್ಕೊಂದಾದರೂ ಕೇಸು ಹುಡುಕಿಕೊಂಡು ನನ್ನ ಅಂಗಡಿಗೇ ಬರುತ್ತದೆ. ಹಿರಿಯೂರಿನಲ್ಲಿ, ಹೊಸದುರ್ಗದ ರಸ್ತೆ ಮೇಲೆ ನನ್ನದೊಂದು ವೆಲ್ಡಿಂಗ್ ಅಂಗಡಿ. ಟ್ರಾಕ್ಟರ್ ಟ್ರೇಲರ್ರು, ನೀರಿನ ಟ್ಯಾಂಕರ್ರು, ಗೇಟು, ಕಿಟಕಿ, ಇಷ್ಟೇ ನನ್ನ ಪ್ರಪಂಚ. ಕಬ್ಬಿಣ ಮುಟ್ಟೋನ ಹತ್ತಿರ ಗಾಳಿ-ಪೀಡೆ ಸುಳಿಯಲ್ಲ ಅಂತ ನಮ್ಮವ್ವ ಹೇಳ್ತಿದ್ದಳು. ಸುಳಿಯಲ್ಲ ನಿಜ. ನೇರ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತವೆ.

೧. ಸುಲಿಯೋ ಮಿಷನ್ನು

ಮೊದಲು ಒಂದು ಸಣ್ಣದು ಹೇಳಿಬಿಡುತ್ತೇನೆ. ಭೀಮಸಮುದ್ರದ ಒಬ್ಬ ಅಡಿಕೆ ಯಜಮಾನರ ಶೆಡ್ಡಿನಲ್ಲಿ ಅಡಿಕೆ ಸುಲಿಯೋ ಮಿಷನ್ನು ಮಟಮಟ ಮಧ್ಯಾಹ್ನ ತಾನಾಗೇ ಶುರುವಾಗುತ್ತಿತ್ತು. ಶೆಡ್ಡಿನಲ್ಲಿ ನರಪಿಳ್ಳೆ ಇಲ್ಲ, ಬಾಗಿಲಿಗೆ ಬೀಗ, ಒಳಗೆ ಗರಗರ ಗರಗರ. ಹೆಂಗಸರು ಆ ಕಡೆ ಹೋಗೋದೇ ಬಿಟ್ಟಿದ್ದರು. ಶಾಂತಿ ಮಾಡಿಸಿ ಆಗಿತ್ತು, ಮಿಷನ್ನಿಗೆ ತಾಯತ ಕಟ್ಟಿಸಿಯೂ ಆಗಿತ್ತು.

ನಾನು ಮಿಷನ್ನಿನ ಸ್ಟ್ಯಾಂಡು ರಿಪೇರಿಗೆ ಹೋದವನು ಸುಮ್ಮನಿರಲಾರದೆ ಸ್ಟಾರ್ಟರ್ ಡಬ್ಬಿ ಬಿಚ್ಚಿದೆ. ಒಳಗೆ ಒಂದು ಹಲ್ಲಿ, ಒಣಗಿ ಕಡ್ಡಿಯಾಗಿ, ಸ್ವಿಚ್ಚನ್ನು ಒತ್ತಿಕೊಂಡೇ ಸತ್ತಿತ್ತು. ಮಧ್ಯಾಹ್ನ ತ್ರೀ ಫೇಸ್ ಕರೆಂಟು ಬಂದ ತಕ್ಷಣ ಮಿಷನ್ನು ಓಡದೆ ಇನ್ನೇನು ಮಾಡೀತು?

"ನೋಡ್ರಿ ಯಜಮಾನ್ರೆ, ಇದೇ ನಿಮ್ಮ ದೆವ್ವ," ಅಂದೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು. ಮುಖ ಇನ್ನೂ ಬಿಳಿಚಿಕೊಂಡಿತು. ಮನೆ ಕಡೆ ತಿರುಗಿ ಜೋರಾಗಿ ಕೂಗಿದರು: "ಲೇ, ಪಂಚಾಂಗ ತಗಂಬಾ! ಹಲ್ಲಿ ಮಿಷನ್ನಿನ ಎಡಕ್ಕೆ ಬಿದ್ದೈತೆ, ಫಲ ಏನೈತೆ ನೋಡಾಣ!"

ಇದು ಸಣ್ಣದು. ಈಗ ದೊಡ್ಡದಕ್ಕೆ ಬರುತ್ತೇನೆ.

೨. ಹೋಗ್ತಾ ಎಡಕ್ಕೆ, ಬರ್ತಾ ಬಲಕ್ಕೆ

ಹೋದ ವರ್ಷ ಮಾರಿಕಣಿವೆ ಕಟ್ಟೆ ತುಂಬಿ ನಿಂತಿದ್ದಾಗ ಒಬ್ಬ ಹಿರಿಯರು ಅಂಗಡಿಗೆ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಗೋಣಿಚೀಲದಿಂದ ಒಂದು ತಗಡು ತೆಗೆದು ನನ್ನ ಮುಂದೆ ಇಟ್ಟರು. ಇಲಿ ಕಡಿದ ರೊಟ್ಟಿ ಹಾಗೆ ಅಂಚೆಲ್ಲ ತುಕ್ಕು ತಿಂದುಹೋಗಿತ್ತು.

"ಇಂಥವು ಎರಡು ಹೊಸಾವು ಬೇಕು ಮೇಸ್ತ್ರಿ."

"ಏನ್ರಿ ಇದು, ಮಡ್‌ಗಾರ್ಡಾ?"

"ಟ್ರಿಮ್ ಟ್ಯಾಬು. ಬೋಟಿಂದು."

ಆ ಹೆಸರು ನಾನು ಕೇಳಿದ್ದು ಅವತ್ತೇ ಮೊದಲು. ಅವರೇ ಬಿಡಿಸಿ ಹೇಳಿದರು. ಬೋಟಿನ ಹಿಂಬದಿ, ತಳದ ಅಂಚಿಗೆ, ಎಡಕ್ಕೊಂದು ಬಲಕ್ಕೊಂದು ತಗಡು ಇರುತ್ತದೆ. ಕದದ ಹಾಗೆ ಕೀಲಿನ ಮೇಲೆ ಆಡುತ್ತದೆ. ಸ್ಟೇರಿಂಗ್ ಪಕ್ಕದ ಸ್ವಿಚ್ಚು ಒತ್ತಿದರೆ ಒಂದು ಪುಟ್ಟ ಎಣ್ಣೆ ಪಂಪು ಆ ತಗಡನ್ನು ಕೆಳಕ್ಕೆ ತಳ್ಳುತ್ತದೆ. ಬೋಟು ಜೋರಾಗಿ ಓಡುವಾಗ ಯಾವ ಬದಿಯ ತಗಡು ಕೆಳಗಿಳಿದಿರುತ್ತದೋ ಆ ಬದಿಯನ್ನು ನೀರು ಮೇಲಕ್ಕೆ ಎತ್ತುತ್ತದೆ. ಬೋಟು ಒಂದು ಪಕ್ಕಕ್ಕೆ ವಾಲಿದರೆ ಹೀಗೆ ಸರಿ ಮಾಡಿಕೊಳ್ಳಬೇಕು.

ಹೊಸದುರ್ಗದ ಕಡೆ ಹಿನ್ನೀರಿನಲ್ಲಿ ಅವರದೊಂದು ಹಳೇ ಮೋಟಾರ್ ಬೋಟು. ಮಂಗಳೂರು ಕಡೆಯಿಂದ ಲಾರಿ ಮೇಲೆ ತರಿಸಿದ್ದು. ಜನರನ್ನು ಕೂರಿಸಿಕೊಂಡು ನೀರು, ಗುಡ್ಡ, ಗುಡ್ಡದ ಮೇಲಿನ ಕರೆಂಟು ಮಾಡೋ ಗಾಳಿ ಫ್ಯಾನು ಎಲ್ಲಾ ತೋರಿಸಿಕೊಂಡು ಬರೋದು ಅವರ ಕಸುಬು. ಇವರು ಸ್ಟೇರಿಂಗು, ಇವರ ಅಣ್ಣ ಹಿಂದಿನ ಸೀಟಿನಲ್ಲಿ ಕೂತು ಎಂಜಿನ್ನು ನೋಡಿಕೊಳ್ಳೋದು. ಎರಡು ವರ್ಷದ ಹಿಂದೆ ಅಣ್ಣ ಜ್ವರ ಬಂದು ತೀರಿಕೊಂಡರು. ಅಲ್ಲಿಂದ ಬೋಟು ವಾಲೋದಕ್ಕೆ ಶುರುವಾಯಿತಂತೆ. ಹೋದ ತಿಂಗಳು ಇಲಾಖೆಯ ಸಾಹೇಬರು ಪರೀಕ್ಷೆಗೆ ಬಂದಾಗ ಅವರ ಪೆನ್ನು ಉರುಳಿ ನೀರಿಗೆ ಬಿತ್ತಂತೆ. "ಮುಂದಿನ ಸಲ ಬರೋಷ್ಟರಲ್ಲಿ ನೆಟ್ಟಗೆ ಓಡಬೇಕು. ಇಲ್ಲಾಂದ್ರೆ ಪರ್ಮಿಟ್ಟು ಇಲ್ಲ, ಬೋಟು ಗುಜರಿಗೆ ಹಾಕ್ಕೊಳ್ಳಿ," ಅಂದು ಹೋಗಿದ್ದರು.

"ಯಾವ ಕಡೆ ವಾಲ್ತೈತೆ?" ಅಂತ ಕೇಳಿದೆ.

"ಹೋಗ್ತಾ ಎಡಕ್ಕೆ, ಬರ್ತಾ ಬಲಕ್ಕೆ."

"ಅದೆಂಗಾಗ್ತೈತ್ರಿ? ತಗಡು ಕೆಟ್ಟಿದ್ರೆ ಒಂದೇ ಕಡೆ ವಾಲಬೇಕು."

ಬೋಟಿನ ಯಜಮಾನರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮಣ್ಣ ಯಾವಾಗ್ಲೂ ಗಾಳಿ ಬರೋ ಕಡೆನೇ ಕೂರ್ತಿದ್ದ. ಹೋಗ್ತಾ ಎಡಗಡೆ ಗಾಳಿ. ಬರ್ತಾ ಎದ್ದು ಬಲಗಡೆಗೆ ಬಂದು ಕೂರೋನು."

ಮೈ ಜುಂ ಅಂತು. ಹೊರಗೆ ಚುರುಗುಟ್ಟೋ ಬಿಸಿಲು. "ಹಂಗಾರೆ ನಿಮಗೆ ವೆಲ್ಡಿಂಗಿನೋರು ಬ್ಯಾಡ ಯಜಮಾನ್ರೆ, ಮಂತ್ರವಾದಿ ಬೇಕು," ಅಂದೆ.

"ಮಂತ್ರವಾದೀನೂ ಕೇಳ್ದೆ ಕಣಪ್ಪ," ಅಂದರು. "ಅವನಿಗೆ ಈಜು ಬರಲ್ವಂತೆ."

೩. ಬಿಸಿ ಸೀಟು

ಮರುದಿನ ಬೆಳಿಗ್ಗೆ ಬೋಟು ನೋಡೋಕೆ ಹೋದೆ. ಹಿನ್ನೀರು ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ನೀರು ಬಂದು ಮುಳುಗಿದ ಮರಗಳ ಬೋಳು ತುದಿಗಳು ಅಲ್ಲಲ್ಲಿ ನೀರಿಂದ ಮೇಲೆ ಎದ್ದಿದ್ದವು. ಕೆಳಗೆ ಹಳೇ ಹೊಲ, ಹಳೇ ದಾರಿ, ಯಾರದೋ ಹಟ್ಟಿ. ಒಂದು ಹಕ್ಕಿಯ ಸದ್ದಿಲ್ಲ. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಮಾತ್ರ ಸದ್ದಿಲ್ಲದೆ ತಿರುಗುತ್ತಿದ್ದವು.

ಬೋಟು ದಡದ ಬೇವಿನ ನೆರಳಲ್ಲಿ ಕಟ್ಟಿತ್ತು. ಹಿಂದೆ ಅಗಲಕ್ಕೂ ಒಂದೇ ಉದ್ದ ಸೀಟು, ಅದರ ಕೆಳಗೆ ಎಂಜಿನ್ನು. ಹಿಂಬದಿ ಬಗ್ಗಿ ನೋಡಬೇಕಲ್ಲ, ನಾನು ಹೋಗಿ ಸೀಟಿನ ಎಡಗಡೆ ಕೂತೆ.

ಕೂತವನು ಸ್ಪ್ರಿಂಗು ಹಾಕಿದ ಹಾಗೆ ಎದ್ದೆ. ಸೀಟು ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದುಹೋದಷ್ಟು ಬೆಚ್ಚಗೆ.

"ಯಾಕಪ್ಪ?" ಅಂದರು ಯಜಮಾನರು.

"ಸೀಟು ಬಿಸಿ ಐತಲ್ರಿ!"

"ಅಯ್ಯೋ, ಅದಕ್ಯಾಕೆ ಹೆದರ್ತಿ? ಕೆಳಗೆ ಎಂಜಿನ್ನು ಐತಲ್ಲ, ಅದರ ಶಾಖಕ್ಕೆ ಬಿಸಿ ಆಗ್ತೈತೆ."

ನನಗೆ ಹೋದ ಜೀವ ಬಂದಂಗಾಯಿತು. ನನ್ನ ಪುಕ್ಕಲುತನಕ್ಕೆ ನಾನೇ ನಕ್ಕು, ಮತ್ತೆ ಆರಾಮಾಗಿ ಕಾಲು ಚಾಚಿ ಕೂತೆ. ತಗಡು ಕೂರುವ ಜಾಗ ನೋಡಿದೆ, ಹಳೇ ಬೋಲ್ಟು ಎಣಿಸಿದೆ. ಎಲ್ಲ ಆದ ಮೇಲೆ, "ಸರಿ, ಒಂದು ರೌಂಡು ಹೋಗಾಣ ನಡೀರಿ, ಹೆಂಗೆ ವಾಲ್ತೈತೆ ನೋಡ್ತೀನಿ," ಅಂದೆ.

"ತಡಿಯಪ್ಪ," ಅಂದರು ಅವರು, ಬ್ಯಾಟರಿಗೆ ವೈರು ಸಿಕ್ಕಿಸುತ್ತಾ. "ಎಂಜಿನ್ ಸ್ಟಾರ್ಟ್ ಮಾಡಿ ನಾಲ್ಕು ದಿನ ಆಗೈತೆ."

೪. ಅಣ್ಣನ ತೂಕ

ಹೋಗಿ ಬಂದೆವು. ಅವರು ಹೇಳಿದ ಹಾಗೇ ಆಯಿತು. ಹೋಗುವಾಗ ಬೋಟು ಎಡಕ್ಕೆ ವಾಲಿತು, ಬರುವಾಗ ಬಲಕ್ಕೆ. ಮಧ್ಯದಲ್ಲಿ ತಿರುಗಿಸುವಾಗ, ಸತ್ಯವಾಗಿ ಹೇಳ್ತೀನಿ, ನನ್ನ ಬೆನ್ನ ಹಿಂದೆ ಯಾರೋ ಎದ್ದು ಈಚೆಗೆ ದಾಟಿದ ಹಾಗೇ ಬೋಟು ಒಮ್ಮೆ ಓಲಾಡಿತು. ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡಬೇಕಾಗಿತ್ತು ಅಂತ ನೀವು ಹೇಳಬಹುದು. ನೀವು ಬಂದು ನೋಡ್ರಿ.

ದಡಕ್ಕೆ ಬಂದು ಮಂಗಳೂರು ಕಡೆಯ ಒಬ್ಬ ಬೋಟ್ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದೆ. ಲಾರಿ ಡ್ರೈವರೊಬ್ಬರು ನಂಬರು ಕೊಟ್ಟಿದ್ದರು. ವಿಷಯ ಕೇಳಿ ಆತ ನಕ್ಕುಬಿಟ್ಟ.

"ಅದು ಎಂತದೂ ಇಲ್ಲ ಮಾರಾಯ್ರೆ. ಗಾಳಿ ಬದಿಯಿಂದ ಹೊಡೆದರೆ ಈ ನಮೂನೆ ಬೋಟು ಗಾಳಿ ಬರುವ ಕಡೆಗೇ ವಾಲುದು. ನಿಮ್ಮ ಹಳೇ ತಗಡು ಎಷ್ಟು ಅಗಲ ಉಂಟು?"

"ಒಂದು ಅಡಿ."

"ಸಾಕಾಗುದಿಲ್ಲ. ಬೋಟಿನ ಒಂದೊಂದು ಅಡಿ ಉದ್ದಕ್ಕೆ ತಗಡು ಒಂದೊಂದು ಇಂಚು ಅಗಲ ಬೇಕು, ಒಂದೊಂದು ಬದಿಗೂ. ಅಂದಾಜು ಲೆಕ್ಕ, ಆದರೆ ಮೋಸ ಇಲ್ಲ. ಬೋಟು ಎಷ್ಟು ಉದ್ದ?"

ಟೇಪು ಹಿಡಿದು ಅಳೆದೆ. ಇಪ್ಪತ್ತೆರಡು ಅಡಿ. ಅಂದರೆ ಒಂದೊಂದು ತಗಡೂ ಇಪ್ಪತ್ತೆರಡು ಇಂಚು. ಅದಕ್ಕೇ ಹಳೇವು ಚೆನ್ನಾಗಿದ್ದಾಗಲೂ ಕೆಲಸ ಅಷ್ಟಕ್ಕಷ್ಟೆ ಮಾಡಿರಬೇಕು. ಈಗಂತೂ ತುಕ್ಕು ತಿಂದು ಅರ್ಧ ಆಗಿದ್ದವು.

"ಹಿಂದೆ ಭಾರ ಎಷ್ಟು ಉಂಟು ಹೇಳಿ, ಅದನ್ನೂ ನೋಡಬೇಕು," ಅಂದ ಮೆಕ್ಯಾನಿಕ್ಕು.

ನಾನು ಫೋನು ಕಿವಿಗಿಟ್ಟುಕೊಂಡೇ ಯಜಮಾನರನ್ನು ಕೇಳಿದೆ, "ಹಿಂದೆ ಏನೇನು ಭಾರ ಐತ್ರಿ?"

"ಎಂಜಿನ್ನು, ಡೀಸೆಲ್ ಟ್ಯಾಂಕು, ಬ್ಯಾಟರಿ, ಅಣ್ಣ."

ಕೆಲಸದ ಭರದಲ್ಲಿ ನನಗೂ ಮಂಕು ಕವಿದಿತ್ತು ಅಂತ ಕಾಣುತ್ತೆ. "ಅಣ್ಣ ಎಷ್ಟು ತೂಕ?" ಅಂದುಬಿಟ್ಟೆ.

"ಇದ್ದಾಗ ಎಪ್ಪತ್ತು ಕೇಜಿ ಇದ್ದ," ಅಂದರು ಅವರು, ಬಹಳ ಯೋಚನೆ ಮಾಡಿ. "ಈಗಿಂದು ಗೊತ್ತಿಲ್ಲಪ್ಪ."

ಫೋನಿನಲ್ಲಿ ಆ ಕಡೆಯವನಿಗೆ ಎಲ್ಲ ಕೇಳಿಸಿತ್ತು. ಆಮೇಲೆ, "ಎಪ್ಪತ್ತು ಅಂತಲೇ ಹಿಡಿಯಿರಿ ಮಾರಾಯ್ರೆ, ಸುಮ್ಮನೆ ಯಾಕೆ ರಿಸ್ಕು," ಅಂದು ಫೋನು ಇಟ್ಟ.

ನಾನು ಗೆದ್ದವನ ಹಾಗೆ ಯಜಮಾನರ ಕಡೆ ತಿರುಗಿದೆ. "ಕೇಳಿದ್ರಾ? ನಿಮ್ಮಣ್ಣನೂ ಅಲ್ಲ, ಯಾರೂ ಅಲ್ಲ. ಬೋಟು ಗಾಳಿ ಬರೋ ಕಡೆಗೆ ವಾಲ್ತೈತೆ, ಅಷ್ಟೇ."

"ನಾನೂ ಅದನ್ನೇ ಅಲ್ವೇನಪ್ಪ ಮೊದಲಿಂದ ಹೇಳ್ತಿರೋದು?" ಅಂದರು ಅವರು. "ಗಾಳಿ ಬರೋ ಕಡೆ ಕೂರ್ತಾನೆ ಅಂತ."

೫. ನಿಂಬೆಹಣ್ಣು

ಸ್ಟೀಲ್ ಷೀಟು ತಂದು ಇಪ್ಪತ್ತೆರಡು ಇಂಚಿಗೆ ಕತ್ತರಿಸಿ, ಮೂಲೆ ಗುಂಡಗೆ ಮಾಡಿ, ಕೀಲು ಕೂರಿಸಿದೆ. ಬೋಟನ್ನು ಟ್ರಾಕ್ಟರಿನಲ್ಲಿ ದಡಕ್ಕೆ ಎಳೆಸಿ, ಅಂಚಿನಿಂದ ನಾಲ್ಕು ಬೆರಳು ಒಳಗೆ ಬಿಟ್ಟು ಎರಡೂ ತಗಡು ಬಿಗಿದೆ. ಎಣ್ಣೆ ಪೈಪು ನೋಡಿದರೆ ಹಳೇ ಕನೆಕ್ಷನ್ನು ತಿರುಗಾಮುರುಗಾ. ಎಡ ಸ್ವಿಚ್ಚಿನ ಪೈಪು ಬಲ ತಗಡಿಗೆ, ಬಲದ್ದು ಎಡಕ್ಕೆ! "ಯಾವನೋ ಕುಡುಕ ಕನೆಕ್ಷನ್ ಕೊಟ್ಟವ್ನೆ," ಅಂತ ಬೈದುಕೊಂಡು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ನೆಟ್ಟಗೆ ಜೋಡಿಸಿದೆ. ಟ್ರಾಕ್ಟರಿನಲ್ಲಿ ಹಂಗೇ ಅಲ್ವಾ? ಎಡ ಬ್ರೇಕಿಗೆ ಎಡ ಚಕ್ರ, ಬಲ ಬ್ರೇಕಿಗೆ ಬಲ ಚಕ್ರ. ಈ ಬುದ್ಧಿವಂತಿಕೆಯ ಫಲ ಮುಂದೆ ಬರುತ್ತದೆ.

ಪೂಜೆ ಆಗದೆ ನೀರಿಗೆ ಇಳಿಸೋ ಹಾಗಿಲ್ಲ ಅಂದರು ಯಜಮಾನರು. ಅರಿಶಿನ, ಕುಂಕುಮ, ಹೂವು, ಕಾಯಿ ಎಲ್ಲಾ ಆಯಿತು. ಕಣಿವೆ ಮಾರಮ್ಮನ ಹೆಸರು ಹೇಳಿ ಕೈ ಮುಗಿದೆವು. ಕೊನೆಗೆ ನಿಂಬೆಹಣ್ಣು. ಗಾಡಿಗಾದರೆ ಚಕ್ರದ ಕೆಳಗೆ ಇಟ್ಟು ಹತ್ತಿಸಬಹುದು. ಬೋಟಿಗೆ ಚಕ್ರ ಎಲ್ಲಿಂದ ತರೋಣ?

ನನಗೇ ಹೊಳೆಯಿತು. ಕಲ್ಲು ಪೇರಿಸಿ ಹಲಗೆ ಇಟ್ಟು, ಒಂದೊಂದು ತಗಡಿನ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟೆ. ಪಂಪಿನ ಟೆಸ್ಟೂ ಆಯಿತು, ಶಾಸ್ತ್ರವೂ ಆಯಿತು. ಯಜಮಾನರು ಮುಂದೆ ಸ್ಟೇರಿಂಗ್ ಹತ್ತಿರ ನಿಂತರು, ಅಲ್ಲಿಂದ ಹಿಂಬದಿ ಏನೂ ಕಾಣದು. "ಎಡ ಒತ್ರಿ," ಅಂದೆ. ಎಡದ ತಗಡು ಇಳಿದು ನಿಂಬೆಹಣ್ಣನ್ನು ಚಪಾತಿ ಮಾಡಿತು. "ಬಲ ಒತ್ರಿ," ಅಂದೆ. ಬಲದ ತಗಡು ಬಂದು ನಿಂಬೆಹಣ್ಣನ್ನು ಮುಟ್ಟಿತು, ನಿಂತಿತು. ಒತ್ತಲೇ ಇಲ್ಲ.

ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಅಂತ ಗೊತ್ತಾಯಿತು. ನಟ್ಟು ಸಡಿಲಿಸಿ ಗಾಳಿ ಬಿಟ್ಟೆ. ಬುಸ್ಸ್ ಅಂತ ದೊಡ್ಡ ನಿಟ್ಟುಸಿರಿನ ಹಾಗೆ ಹೊರಗೆ ಬಂತು.

ಮುಂದಿನಿಂದ ಯಜಮಾನರ ದನಿ ಕೇಳಿಸಿತು, ಬಹಳ ಗೌರವದಿಂದ: "ಅವ್ನು ಬೈಯಾಕೆ ಮುಂಚೆ ಹಂಗೇ ಉಸುರು ಬಿಡ್ತಿದ್ದ."

೬. ಟ್ರಾಕ್ಟರ್ ಬುದ್ಧಿ

ನೀರಿಗಿಳಿಸಿದೆವು. ನಾನು, ಯಜಮಾನರು, ಇಬ್ಬರೇ. ಎಡಗಡೆಯಿಂದ ಗಾಳಿ ಜೋರಿತ್ತು. ಸ್ಪೀಡು ಏರುತ್ತಲೇ ಬೋಟು ಎಂದಿನ ಹಾಗೆ ಎಡಕ್ಕೆ ವಾಲಿತು. ಯಜಮಾನರು ಹಳೇ ಅಭ್ಯಾಸದಂತೆ, ಬೋಟು ಬಲಕ್ಕೆ ಬರಲಿ ಅಂತ, ಬಲ ಸ್ವಿಚ್ಚು ಒತ್ತಿದರು.

ಬೋಟು ಎಡಕ್ಕೆ ಇನ್ನಷ್ಟು ವಾಲಿತು. ಅವರು ಇನ್ನಷ್ಟು ಒತ್ತಿದರು. ಅದು ಮತ್ತಷ್ಟು ವಾಲಿತು. ಬಲ ಒತ್ತಿದರೆ ಬಲದ ತಗಡು ಇಳಿದು ಬಲಬದಿಯನ್ನು ನೀರು ಮೇಲಕ್ಕೆತ್ತುತ್ತಿತ್ತು, ಎಡ ತಗ್ಗುತ್ತಿತ್ತು. ಆ ಕುಡುಕ ಕುಡಿದಿರಲಿಲ್ಲ, ಲೆಕ್ಕ ಹಾಕಿಯೇ ಪೈಪು ಅದಲು ಬದಲು ಮಾಡಿದ್ದ. ಹಳೇ ಸಣ್ಣ ತಗಡಾಗಿದ್ದರೆ ಹೆಂಗೋ ತಡೀತಿತ್ತು. ನನ್ನ ಇಪ್ಪತ್ತೆರಡು ಇಂಚಿನ ತಗಡು ಬೋಟನ್ನು ಮಗುಚೋಕೇ ನಿಂತಿತ್ತು.

ಎಡಗಡೆಯ ಅಂಚು ನೀರು ಬಗೆಯುತ್ತಿದೆ. ಕೆಳಗೆ ಆ ಮುಳುಗಿದ ಮರಗಳು. ಯಜಮಾನರು ಹಿಂದಕ್ಕೆ ತಿರುಗಿ, "ಅಣ್ಣಾ, ಈಚೆ ಬಾರೋ! ಬಲಕ್ಕೆ ಬಾರೋ ಮಾರಾಯ!" ಅಂತ ಕಿರುಚಿದರು.

ದೆವ್ವದ ಮೇಲೆ ನಂಬಿಕೆ ಇಲ್ಲದ ನಾನು ಎರಡೂ ಕೈ ಜೋಡಿಸಿ, "ಅಣ್ಣಾ, ದಮ್ಮಯ್ಯ, ಈ ಕಡೆ ಬರ್ರಿ ಅಣ್ಣಾ! ನಂಗೆ ಸಣ್ಣ ಮಕ್ಕಳವೆ, ಬರ್ರಿ ಅಣ್ಣಾ!" ಅಂತ ಬಾಯಿ ಬಡಿದುಕೊಂಡೆ.

ಗಾಬರಿಯಲ್ಲಿ ಯಜಮಾನರ ಕೈ ಆಕ್ಸಿಲೇಟರ್ ಹಿಡಿಯ ಮೇಲಿಂದ ಜಾರಿತು. ಸ್ಪೀಡು ಇಳಿಯಿತು. ಸ್ಪೀಡಿಲ್ಲದೆ ತಗಡಿಗೆ ಬಲವಿಲ್ಲ, ಬೋಟು ದಪ್ಪಂತ ನೆಟ್ಟಗೆ ಕೂತಿತು. ನೀರು ಪಚಪಚ ಅನ್ನುತ್ತಿತ್ತು.

ಯಜಮಾನರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಸ್ವಲ್ಪ ಹೊಟ್ಟೆಕಿಚ್ಚೇ ಇತ್ತು. "ನೀನು ಮರ್ಯಾದೆ ಕೊಟ್ಟು ಕರೆದೆ ನೋಡು, ಬಂದ," ಅಂದರು. "ನಾನು ಕರೆದ್ರೆ ಯಾವತ್ತು ಬಂದವ್ನೆ?"

೭. ಸ್ವಲ್ಪೇ ಸ್ವಲ್ಪ

ಪೈಪು ಮತ್ತೆ ಅದಲು ಬದಲು ಮಾಡಿದೆ. ಮತ್ತೆ ನೀರಿಗಿಳಿದೆವು. ಈ ಸಲ ನೋಡಬೇಕಿತ್ತು! ಗಾಳಿ ಹೊಡೆಯುತ್ತಿದ್ದರೂ ಸ್ವಿಚ್ಚು ಒಂದು ಚೂರು ಒತ್ತಿದರೆ ಸಾಕು, ಬೋಟು ಮಟ್ಟಗೋಲು ಇಟ್ಟ ಹಾಗೆ ನೆಟ್ಟಗೆ. ಹೋಗುವಾಗಲೂ ನೆಟ್ಟಗೆ, ಬರುವಾಗಲೂ ನೆಟ್ಟಗೆ. ತಿರುಗಿಸುವಾಗಿನ ಆ ಓಲಾಟವೂ ಇಲ್ಲ. ನನಗೆ ಹಿಡಿಸಲಾರದಷ್ಟು ಖುಷಿ. ಟ್ರೇಲರ್ ಮಾಡೋ ನಾನು ಬೋಟು ಗೆದ್ದಿದ್ದೆ.

ದಡಕ್ಕೆ ಬಂದ ಮೇಲೆ ಯಜಮಾನರು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದೇ ಕೂತಿದ್ದರು.

"ಏನ್ರಿ, ಚೆನ್ನಾಗಾಗಲಿಲ್ವಾ?"

"ಚೆನ್ನಾಗೈತೆ." ಹಿಂದಿನ ಸೀಟಿನ ಕಡೆ ನೋಡಿ, "ಮೇಸ್ತ್ರಿ, ಒಂದೆರಡು ಇಂಚು ಕತ್ತರಿಸಿಬಿಡಪ್ಪ," ಅಂದರು.

"ತಲೆ ಗಿಲೆ ಕೆಟ್ಟೈತಾ ಯಜಮಾನ್ರೆ? ನಾಳಿದ್ದು ಸಾಹೇಬ್ರು ಬರ್ತಾರೆ!"

"ಜಾಸ್ತಿ ಬ್ಯಾಡ. ಸ್ವಲ್ಪೇ ಸ್ವಲ್ಪ ವಾಲ್ಲಿ. ಸಾಹೇಬ್ರಿಗೆ ಗೊತ್ತಾಗಬಾರ್ದು, ನಂಗೆ ಗೊತ್ತಾಗಬೇಕು. ಅಷ್ಟು."

ನನಗೆ ರೇಗಿಹೋಯಿತು. ಮೂರು ದಿನ ಅಂಗಡಿ ಬಾಗಿಲು ಹಾಕಿ, ನೀರಿಗೆ ಬೀಳೋದೊಂದು ಬಾಕಿ ಉಳಿಸಿಕೊಂಡು ಕೆಲಸ ಮಾಡಿದ್ದೇನೆ, ಈ ಮನುಷ್ಯ ಕೆಡಿಸು ಅಂತಾನೆ! ಬಾಯಿಗೆ ಬಂದಂತೆ ಅನ್ನಬೇಕು ಅಂತ ಹೊರಟವನು ಅವರ ಮುಖ ನೋಡಿ ನಿಂತೆ.

"ಮನೇಲಿ ಅವನ ಫೋಟಕ್ಕೆ ಹಾರ ಹಾಕವ್ರೆ," ಅಂದರು. "ನಾನು ಒಂದು ದಿನ ಅದಕ್ಕೆ ಕೈ ಮುಗಿದಿಲ್ಲ. ಯಾಕೆ ಮುಗೀಲಿ? ಬೆಳಿಗ್ಗೆ ಇಲ್ಲಿಗೆ ಬಂದು ಬೋಟು ಬಿಟ್ರೆ ವಾಲ್ತಿತ್ತು. ಸದ್ಯ, ಇಲ್ಲೇ ಅವ್ನೆ, ಅನ್ಕಂತಿದ್ದೆ. ಎರಡು ವರ್ಷ ಅವನ ಜೊತೆ ಮಾತಾಡ್ಕಂಡೇ ಓಡಿಸೀನಿ. ಇವತ್ತು ನೋಡಪ್ಪ, ಖಾಲಿ ಬೋಟು ಓಡಿಸ್ದಂಗಾತು. ಇಳಿದು ಹೋದ ಅಂತ ಕಾಣ್ತೈತೆ."

ನಂಬಿಕೆ ಇಲ್ಲದವನಿಗೂ ಸಂಕಟ ಅನ್ನೋದು ಇರುತ್ತೆ. ನಾನು ಎರಡು ತಗಡು ಹಾಕಿ ಅವರ ಅಣ್ಣನನ್ನು ಎರಡನೇ ಸಲ ಸಾಯಿಸಿದ ಹಾಗಾಗಿತ್ತು. ಕತ್ತರಿಸಿದರೆ ಬೋಟು ಹೋಗುತ್ತದೆ. ಕತ್ತರಿಸದಿದ್ದರೆ ಅಣ್ಣ ಹೋಗುತ್ತಾನೆ. ಗ್ರೈಂಡರ್ ಕೈಯಲ್ಲೇ ಇತ್ತು.

ಕೊನೆಗೆ ಕೇಳಿದೆ, "ಯಜಮಾನ್ರೆ, ಬೋಟು ಗುಜರಿಗೆ ಹೋದ್ರೆ ನಿಮ್ಮಣ್ಣ ಎಲ್ಲಿ ಕೂರ್ತಾರೆ?"

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದರು.

"ಆತು ಬಿಡು," ಅಂದರು. "ಆದ್ರೆ ಸಾಹೇಬ್ರನ್ನ ಮಾತ್ರ ಆ ಸೀಟಲ್ಲಿ ಕೂರಿಸಬ್ಯಾಡ. ಅಕಸ್ಮಾತ್ ಅವ್ನು ಹೋಗಿಲ್ದೆ ಇದ್ರೆ, ಗೌರ್ಮೆಂಟಿನೋರು ತೊಡೆ ಮೇಲೆ ಕೂತಂಗಾಗ್ತೈತೆ."

೮. ಸಾಹೇಬರ ಷರಾ

ಸಾಹೇಬರು ಬೆಳಿಗ್ಗೆ ಹತ್ತಕ್ಕೆ ಬಂದರು. ದಪ್ಪ ಫೈಲು, ಹೊಸ ಪೆನ್ನು. ಪೆನ್ನಿಗೆ ದಾರ ಕಟ್ಟಿ ಜೇಬಿಗೆ ಬಿಗಿದುಕೊಂಡಿದ್ದರು. ಅವರು, ಯಜಮಾನರು, ನಾನು, ಮೂವರೂ ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿದೆವು. ಸಾಹೇಬರು ಮುಂದಿನ ಸೀಟಿನಲ್ಲಿ ನಮ್ಮ ಕಡೆ ಮುಖ ಮಾಡಿ ಕೂತರು. ಯಜಮಾನರು ಸ್ಟೇರಿಂಗಿಗೆ ನಿಂತರು, ಪಕ್ಕದಲ್ಲಿ ನಾನು. ಹಿಂದಿನ ಉದ್ದ ಸೀಟು ಖಾಲಿ.

ಸಾಹೇಬರು ಒಂದು ಸ್ಟೀಲ್ ಲೋಟದ ತುಂಬ ನೀರು ತುಂಬಿ ತಮ್ಮ ಪಕ್ಕದಲ್ಲಿಟ್ಟುಕೊಂಡರು. "ಇದು ಚೆಲ್ಲಿದರೆ ಪರ್ಮಿಟ್ಟೂ ಚೆಲ್ಲಿತು," ಅಂದರು.

ಆವತ್ತು ಗಾಳಿ ಹುಚ್ಚು ಗಾಳಿ. ಗುಡ್ಡದ ಮೇಲಿನ ಫ್ಯಾನುಗಳು ರೆಕ್ಕೆ ಕಾಣದ ಹಾಗೆ ತಿರುಗುತ್ತಿದ್ದವು. ನನ್ನ ಕಣ್ಣು ಲೋಟದ ಮೇಲೆ. ಯಜಮಾನರ ಬೆರಳು ಸ್ವಿಚ್ಚಿನ ಮೇಲೆ. ಅವರ ಮುಖದಲ್ಲಿ ಮಾತ್ರ ಏನೂ ಇಲ್ಲ, ಸತ್ತ ಮನೆಗೆ ಹೋಗಿ ಬಂದವರ ಹಾಗಿದ್ದರು. ಬೋಟು ನೀರು ಸೀಳಿಕೊಂಡು ನೆಟ್ಟಗೆ ಓಡಿತು. ತಿರುಗಿತು, ನೆಟ್ಟಗೆ ಬಂತು. ಲೋಟದಿಂದ ಒಂದು ತೊಟ್ಟು ಚೆಲ್ಲಲಿಲ್ಲ. ದಾರಿಯಲ್ಲಿ ಸಾಹೇಬರು ಒಂದೆರಡು ಸಲ ನನ್ನ ಕಡೆ ಕೈ ಆಡಿಸಿ ಏನೋ ಸನ್ನೆ ಮಾಡಿದರು. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಕೂತುಕೋ ಅಂತಿರಬೇಕು ಅಂದುಕೊಂಡು ಕೂತುಕೊಂಡೆ.

ದಡಕ್ಕೆ ಬಂದು ಸಾಹೇಬರು ಫೈಲು ಬಿಚ್ಚಿದರು. ಠಪ್ ಅಂತ ಸೀಲು ಒತ್ತಿದರು. "ಬೋಟು ಪಾಸು. ತಗಡಿನ ಕೆಲಸ ಬಹಳ ಚೆನ್ನಾಗಿ ಆಗಿದೆ." ನಾನು ಯಜಮಾನರ ಕೈ ಹಿಡಿದು ಅಲುಗಾಡಿಸಿದೆ. ಅವರು ಸುಮ್ಮನೆ ತಲೆಯಾಡಿಸಿದರು.

"ಆದರೆ," ಅಂದರು ಸಾಹೇಬರು, "ಒಂದು ಷರಾ ಬರೆಯಲೇಬೇಕಾಗುತ್ತೆ."

ನಾನು ಫೈಲಿನ ಮೇಲೆ ಬಗ್ಗಿದೆ. "ಏನ್ ಸಾರ್?"

"ಹಿಂದಿನ ಸೀಟಿನಲ್ಲಿ ಹಿರಿಯರೊಬ್ಬರು ಕೂತಿದ್ದರಲ್ಲ, ಅವರಿಗೆ ಯಾಕ್ರಿ ಲೈಫ್ ಜಾಕೆಟ್ ಹಾಕಿಸಿಲ್ಲ? ನಾನು ಎರಡು ಸಲ ಕೈ ಮಾಡಿ ತೋರಿಸಿದೆ. ಅವರು ನೋಡಿ ನಕ್ಕರು, ಅಷ್ಟೆ. ಸಾಲದ್ದಕ್ಕೆ ಬರುವಾಗ ಓಡೋ ಬೋಟಿನಲ್ಲಿ ಎದ್ದು ಆಚೆ ಬದಿಯಿಂದ ಈಚೆ ಬದಿಗೆ ಬಂದು ಕೂತರು. ಹೆಚ್ಚುಕಮ್ಮಿ ಆದರೆ ಯಾರು ಹೊಣೆ? ಎಲ್ಲಿ ಅವರು, ಇಳಿದು ಎತ್ತ ಹೋದರು? ಕರೀರಿ, ನಾನೇ ಹೇಳ್ತೀನಿ."

ನನ್ನ ಮೈಮೇಲಿನ ಒಂದೊಂದು ಕೂದಲೂ ಎದ್ದು ನಿಂತಿತು. ಬೋಟಿನ ಕಡೆ ತಿರುಗೋಕೆ ಕತ್ತು ಒಪ್ಪಲಿಲ್ಲ.

ಯಜಮಾನರು ಮಾತ್ರ ಎರಡು ದಿನದಿಂದ ಕಳೆದುಹೋಗಿದ್ದ ಮುಖ ಸಿಕ್ಕವರ ಹಾಗೆ ನಿಂತಿದ್ದರು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಬಾಯಿ ಕಿವಿಯಿಂದ ಕಿವಿಗೆ ಅಗಲವಾಗಿತ್ತು. ಸಾಹೇಬರಿಗೆ ಎರಡೂ ಕೈ ಎತ್ತಿ ಮುಗಿದರು.

"ಬರ್ಕಳ್ರಿ ಸಾರ್, ದೊಡ್ಡದಾಗಿ ಬರ್ಕಳ್ರಿ," ಅಂದರು. "ಏನು ಮಾಡಾದು, ಬದುಕಿದ್ದಾಗ್ಲೇ ಹಾಕ್ಕಂತಿರ್ಲಿಲ್ಲ."